ನಂಜನಗೂಡಿನ ಗುಡಿಯೊಳಗಿನ ಅರವತ್ತಮೂವರು

ನಂಜನಗೂಡಿಗೆ ಹೋದ್ರೆ ನಾವೆಲ್ಲ ಮಾಡೋದು ಒಂದೇ. ಕಪಿಲೆಯಲ್ಲಿ ಮುಳುಗು ಹಾಕೋದು, ಮುಡಿ ಕೊಡೋರಿದ್ರೆ ಕೊಡೋದು, ಸಾಲಲ್ಲಿ ನಿಂತು ನಂಜುಂಡಪ್ಪನ್ನ ನೋಡೋದು, ಪಾರ್ವತಮ್ಮನ ಕುಂಕುಮ ಇಟ್ಕೊಂಡು ಬಸ್ ಹತ್ತೋದು. ಪ್ರಾಕಾರ ಸುತ್ತುವಾಗ ಸಾಲಾಗಿ ನಿಂತಿರೋ ಕಲ್ಲಿನ ಮೂರ್ತಿಗಳಿಗೆ ನಡ್ಕೊಂಡೇ ಕೈ ಮುಗೀತೀವಿ. ಹೈಕ್ಳು "ಇವ್ರೆಲ್ಲ ಯಾರಜ್ಜಿ" ಅಂದ್ರೆ "ಋಷಿಗಳು ಕಣಪ್ಪ, ನಡಿ ನಡಿ" ಅಂದ್ಬುಡ್ತೀವಿ.

ಋಷಿಗಳಲ್ಲ ಕಣ್ರವ್ವ. ಅವರು ಅರವತ್ತಮೂವರು ಪುರಾತನರು, ತಮಿಳುನಾಡಿನ ಶಿವಭಕ್ತರು. ಅಲ್ಲಿ ಅವರನ್ನ ನಾಯನ್ಮಾರರು ಅಂತಾರೆ. ಅವರೊಳಗೆ ರಾಜರೂ ಇದ್ದಾರೆ, ಬ್ರಾಹ್ಮಣರೂ ಇದ್ದಾರೆ. ಅವರ ಪಕ್ಕದಲ್ಲೇ ಬೇಡ ಇದ್ದಾನೆ, ಕುಂಬಾರ ಇದ್ದಾನೆ, ಬಟ್ಟೆ ಒಗೆಯೋನು, ಮೀನು ಹಿಡಿಯೋನು, ನೇಯೋನು, ಗಾಣದವನು ಎಲ್ಲರೂ ಇದ್ದಾರೆ. ಯಾರ ಎತ್ತರವೂ ಹೆಚ್ಚಿಲ್ಲ, ಯಾರನ್ನೂ ಬಾಗಿಲಾಚೆ ನಿಲ್ಲಿಸಿಲ್ಲ. ಗುಡಿ ಒಳಗೆ ಹಿಂಗೆ ಎಲ್ಲ ಕುಲದವರನ್ನ ಒಂದೇ ಸಾಲಲ್ಲಿ ನಿಲ್ಲಿಸೋದು ಸುಮ್ನೆ ಆಗೋ ಕೆಲಸ ಅಲ್ಲ. ಅದಕ್ಕೂ ಮುಂಚೆ ಒಂದು ದೊಡ್ಡ ಚಳವಳಿ ನಡೆದಿತ್ತು.

ಸುಮಾರು 6ನೇ ಶತಮಾನದಿಂದ 9ನೇ ಶತಮಾನದವರೆಗೆ ತಮಿಳು ಸೀಮೆಯಲ್ಲಿ ಈ ಭಕ್ತರು ಊರೂರು ತಿರುಗಿ, ಸಂಸ್ಕೃತ ಬಿಟ್ಟು ಜನ ಆಡೋ ಮಾತಲ್ಲೇ ಹಾಡಿದ್ರು. 12ನೇ ಶತಮಾನದಲ್ಲಿ ಸೇಕ್ಕಿಳಾರ್ ಅನ್ನೋರು ಅರವತ್ತಮೂವರ ಕಥೆಯನ್ನ ಪೆರಿಯ ಪುರಾಣ ಅಂತ ಬರೆದ್ರು. ಅದೇ ಶತಮಾನದಲ್ಲಿ ಎರಡನೇ ರಾಜರಾಜ ಚೋಳ ದಾರಾಸುರದಲ್ಲಿ ಕಟ್ಟಿಸಿದ ಗುಡಿ ಗೋಡೆ ಮೇಲೆ ಈ ಕಥೆಗಳನ್ನ ಚಿಕ್ಕ ಚಿಕ್ಕ ಶಿಲ್ಪವಾಗಿ ಕೆತ್ತಿದ್ರು. ಮೊದಲು ಹಾಡು, ಆಮೇಲೆ ಪುಸ್ತಕ, ಆಮೇಲೆ ಕಲ್ಲು.

ಅದು ನಮ್ಮ ಕಡೆಗೆ ಹೆಂಗೆ ಬಂತು ಅಂದ್ರೆ, ನಮ್ಮ ಟಿ. ನರಸೀಪುರದ ತಲಕಾಡು ಸುಮಾರು ನೂರು ವರ್ಷ ಚೋಳರ ಕೈಲೇ ಇತ್ತು, ಹೊಯ್ಸಳ ವಿಷ್ಣುವರ್ಧನ ಗೆದ್ದುಕೊಳ್ಳೋವರೆಗೂ. ತಮಿಳು ಕಥೆಗಳು ಹೊಳೆ ದಾಟಿ ಬರೋದು ಕಷ್ಟವೇನಲ್ಲ. ನಮ್ಮ ಬಸವಣ್ಣನವರ ಕಾಲದ ಶರಣರಿಗೂ ಈ ಪುರಾತನರು ಅಂದ್ರೆ ಹಿರೀಕರು ಇದ್ದಂಗೆ. ಕನ್ನಡದಲ್ಲಿ ಹರಿಹರ ಕವಿ ಇವರ ಮೇಲೆ ರಗಳೆಗಳನ್ನೇ ಬರೆದ. ಎಷ್ಟೋ ಕಾಲ ಆದಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ನಂಜನಗೂಡಿನ ಗುಡಿಗೆ ಬಹಳ ಕೆಲಸ ನಡೀತು. 120 ಅಡಿ ಗೋಪುರ ಅವರ ರಾಣಿ ದೇವಾಜಮ್ಮಣ್ಣಿ ಕಟ್ಟಿಸಿದ್ದು. ಒಡೆಯರು 1826ರಲ್ಲಿ ಕಟ್ಟಿಸಿದ ಚಾಮರಾಜನಗರದ ಚಾಮರಾಜೇಶ್ವರನ ಗುಡೀಲೂ ಈ ಪುರಾತನರ ಸಾಲಿದೆ. ಒಂದು ಕಾಲಕ್ಕೆ ಜನರ ಹಾಡಾಗಿದ್ದದ್ದು ಅರಮನೆಯವರ ಭಕ್ತಿಯೂ ಆಯ್ತು ನೋಡಿ.

ಈ ಅರವತ್ತಮೂವರಲ್ಲಿ ಹೆಂಗಸರು ಮೂರೇ ಜನ. ನನಗೆ ಇಷ್ಟವಾದೋಳು ಕಾರಿಕಾಲಮ್ಮೆ. ಅವಳದು ಅಡುಗೆಮನೆ ಕಥೆ. ಗಂಡ ಎರಡು ಮಾವಿನಹಣ್ಣು ಮನೆಗೆ ಕಳಿಸಿದ್ದ. ಹಸ್ಕೊಂಡು ಬಂದ ಶಿವಭಕ್ತನಿಗೆ ಇವಳು ಒಂದನ್ನ ಕೊಟ್ಬುಟ್ಟಳು. ಗಂಡ ಊಟಕ್ಕೆ ಕೂತು ಒಂದು ತಿಂದು, ಇನ್ನೊಂದೂ ಹಾಕು ಅಂದ. ಅವಳು ಒಳಗೆ ಹೋಗಿ ಶಿವನ್ನ ನೆನೆದ್ಲು, ಕೈಗೆ ಹಣ್ಣು ಬಂತು. ಆ ಹಣ್ಣಿನ ರುಚಿಯಿಂದಲೇ ಗಂಡನಿಗೆ ಗೊತ್ತಾಗೋಯ್ತು. ಇವಳು ಮಾಮೂಲಿ ಹೆಂಗಸಲ್ಲ ಅಂತ ಹೆದರಿ ದೂರ ಹೋದ. ಅವಳು ನನಗೆ ಈ ಚೆಲುವೇ ಬೇಡ ಅಂತ ಶಿವನ್ನ ಕೇಳಿ ಮೂಳೆ ಚಕ್ಕಳದ ರೂಪ ಪಡೆದಳು. ಚೋಳರ ಕಾಲದ ಕಂಚಿನ ಮೂರ್ತಿಗಳಲ್ಲಿ ಅವಳನ್ನ ಪಕ್ಕೆಲುಬು ಎಣಿಸೋ ಹಂಗೆ, ಬತ್ತಿದ ಎದೆಯ ಮುದುಕಿಯಾಗಿ ಮಾಡಿದ್ದಾರೆ. ಗುಡಿ ತುಂಬ ಬಳುಕೋ ನಡುವಿನ ಹೆಂಗಸರನ್ನೇ ಕಡೆದ ಶಿಲ್ಪಿಗಳು ಇಂಥವಳನ್ನೂ ಪೂಜೆಗೆ ಕೂರಿಸಿದರಲ್ಲ, ಅದು ಭಕ್ತಿ ಚಳವಳಿ ಮಾಡಿಸಿದ ಕೆಲಸ ಅಂತ ನನ್ನ ಲೆಕ್ಕ.

ಬೇಡರ ಕಣ್ಣಪ್ಪನ್ನ ಯಾರೂ ಪರಿಚಯ ಮಾಡಿಸಬೇಕಾಗಿಲ್ಲ. 1954ರಲ್ಲಿ ರಾಜಕುಮಾರ್ ಮೊದಲ ಸಲ ನಾಯಕ ಆಗಿದ್ದೇ ಆ ಪಾತ್ರದಲ್ಲಿ. ಕಲ್ಲಿನಿಂದ ನಾಟಕಕ್ಕೆ, ನಾಟಕದಿಂದ ಟೆಂಟ್ ಸಿನಿಮಾಕ್ಕೆ ಬಂದ ಕಣ್ಣಪ್ಪನ್ನ ಗುಡಿ ಬಾಗಿಲು ಕಾಣದವರೂ ನೆಲದ ಮೇಲೆ ಕೂತು ನೋಡಿದ್ರು.

ಗುಡಿ ಬಾಗಿಲು ಕಾಣದವರು ಅಂದೆನಲ್ಲ, ಅದೇ ನನ್ನ ಮುಖ್ಯವಾದ ಮಾತು. ಆ ಸಾಲಿನಲ್ಲಿ ನಂದನಾರ್ ಇದ್ದಾನೆ. ಅಸ್ಪೃಶ್ಯ ಅನ್ನಿಸಿಕೊಂಡ ಕುಲದಲ್ಲಿ ಹುಟ್ಟಿದ ಕೂಲಿ ಆಳು. ಚಿದಂಬರಕ್ಕೆ ಹೋಗಬೇಕು ಅಂತ ಆಸೆ, ಆದ್ರೆ ಒಳಗೆ ಬಿಡಲ್ಲ ಅಂತಲೂ ಗೊತ್ತು. ಹಂಗಾಗಿ ದಿನಾ 'ನಾಳೆ ಹೋಗ್ತೀನಿ, ನಾಳೆ ಹೋಗ್ತೀನಿ' ಅನ್ನೋನು. ಅದಕ್ಕೇ ಅವನ ಹೆಸರು ತಿರುನಾಳೈಪ್ಪೋವಾರ್, ಅಂದ್ರೆ ನಾಳೆ ಹೋಗೋನು. ತಿರುಪ್ಪುಂಗೂರಿನಲ್ಲಿ ಹೊರಗೆ ನಿಂತ ಅವನಿಗೆ ಲಿಂಗ ಕಾಣಲಿ ಅಂತ ನಂದಿಯೇ ಪಕ್ಕಕ್ಕೆ ಸರಿಯಿತಂತೆ. ನಮ್ಮ ಉಡುಪಿಯ ಕನಕನ ಕಿಂಡಿ ಕಥೆ ಇದ್ದಂಗೆ. ಕೊನೆಗೆ ಚಿದಂಬರದಲ್ಲಿ ಬೆಂಕಿ ಹಾಯ್ದು, ಬ್ರಾಹ್ಮಣ ರೂಪದಲ್ಲಿ ಎದ್ದು ಬಂದು ಒಳಗೆ ಹೋದ ಅಂತಾರೆ. ಆ ಕೊನೆ ನನಗೆ ಒಪ್ಪಿಗೆಯಿಲ್ಲ. ಅವನು ಇದ್ದಂಗೇ ಒಳಗೆ ಹೋಗೋಕೆ ಶಿವನ ಅಡ್ಡಿ ಏನಿತ್ತು?

ಕಲ್ಲಿನ ನಂದನಾರ್ ಒಳಗೆ ನಿಂತು ಪೂಜೆ ತಗೊಂಡ. ಅವನಂಥ ಕುಲದ ನಮ್ಮೂರಿನ ಜನ ಹೊರಗೇ ಇದ್ರು. ಮೂರ್ತಿ ಹೇಳಿದ್ದನ್ನ ಮನುಷ್ಯರು ಮಾಡಲಿಲ್ಲ. ಅದಕ್ಕೆ ಇನ್ನೊಂದು ಚಳವಳಿಯೇ ಬೇಕಾಯ್ತು. ನಂಜನಗೂಡು ತಾಲೂಕಿನ ತಗಡೂರಲ್ಲಿ ತಗಡೂರು ರಾಮಚಂದ್ರರಾಯರು ಇದ್ರು, ಬದನವಾಳಿನ ಖಾದಿ ಕೇಂದ್ರದಲ್ಲಿ ಹೆಂಗಸರು ನೂಲು ತೆಗೀತಿದ್ರು, ಗಾಂಧೀಜಿ ಅಲ್ಲಿಗೆಲ್ಲ ಬಂದು ಹೋಗಿದ್ರು. 1948ರಲ್ಲಿ ಮೈಸೂರು ಸಂಸ್ಥಾನದಲ್ಲಿ ದೇವಸ್ಥಾನ ಪ್ರವೇಶದ ಕಾಯ್ದೆ ಬಂತು. ಎರಡು ವರ್ಷಕ್ಕೆ ಅಂಬೇಡ್ಕರರ ಸಂವಿಧಾನ ಅಸ್ಪೃಶ್ಯತೆಯನ್ನೇ ಅಪರಾಧ ಅಂತು.

ಆದರೂ ಅದೇ ಬದನವಾಳಲ್ಲಿ 1993ರಲ್ಲಿ ಗುಡಿ ಪ್ರವೇಶದ ಜಗಳ ಬೆಳೆದು ಮೂವರು ದಲಿತರ ಕೊಲೆ ಆಯ್ತು. ನಮ್ಮ ಪಕ್ಕದೂರು. ಇದನ್ನ ಬಿಟ್ಟು ಬರೀ ಶಿಲ್ಪದ ಚೆಂದ ಬರೆಯೋಕೆ ನನಗೆ ಮನಸ್ಸು ಬರಲಿಲ್ಲ.

ಚಿತ್ರದ ಜಗಳ ಇನ್ನೂ ಮುಗಿದಿಲ್ಲ. ನಂಜನಗೂಡಿನ ರಾಕ್ಷಸ ಮಂಟಪದ ಹತ್ರ ಪ್ರತಿ ವರ್ಷ ಅಂಧಕಾಸುರನ ಚಿತ್ರವನ್ನ ನೆಲದ ಮೇಲೆ ರಂಗೋಲೀಲಿ ಬರೆದು, ಉತ್ಸವಮೂರ್ತಿ ಹೊತ್ತವರು ಅದನ್ನ ತುಳಿದು ಅಳಿಸ್ತಾರೆ. 2023ರ ಡಿಸೆಂಬರಲ್ಲಿ ದಲಿತ ಸಂಘಟನೆಯವರು, ಇದು ಮಹಿಷನಿಗೆ ಮಾಡೋ ಅವಮಾನ ಅಂತ ಅಡ್ಡ ಬಂದ್ರು, ಗಲಾಟೆ ಆಯ್ತು. ರಂಗೋಲಿ ಅಂದ್ರೆ ಬೆಳಗ್ಗೆ ಬರೆದು ಸಂಜೆಗೆ ಅಳಿಸಿ ಹೋಗೋದು ಅಂತ ಅಂದ್ಕೊಂಡಿರೋರು ನಾವು. ಈ ರಂಗೋಲಿ ಹಂಗಲ್ಲ. ನಮ್ಮ ಪಡಸಾಲೇಲೂ ಅದರ ಮಾತು ಎದ್ರೆ ಹಿರಿಯರು ಸಂಪ್ರದಾಯ ಅಂತಾರೆ, ಕಾಲೇಜಿಗೆ ಹೋಗೋ ಹೈಕ್ಳು ಅದು ಯಾರ ಚಿತ್ರ, ಬರೆದೋರು ಯಾರು, ತುಳಿಯೋರು ಯಾರು ಅಂತ ಕೇಳ್ತವೆ. ಕಾಫಿ ಲೋಟ ತೊಳೆಯೋ ಹೊತ್ತಿಗೂ ಅದು ತೀರಿರಲ್ಲ.