ಯಂತ್ರ ಹಳತಾದರೆ ಆಟವೂ ಮಾಯ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಂದ ವಿಜಯಪುರದ ಗೋಲಗುಂಬಜಕ್ಕೆ ಪ್ರವಾಸ ಬರುವ ಶಾಲಾ ಮಕ್ಕಳು ಗುಮ್ಮಟದ ಒಳಸುತ್ತಿನಲ್ಲಿ ನಿಂತು ಕೂಗುವುದುಂಟು. ಒಂದೇ ಕೂಗು ಹಲವು ಸಲ ಮರಳಿ ಬರುತ್ತದೆ. ಆಚೆ ಬದಿಯಲ್ಲಿ ಪಿಸುಗುಟ್ಟಿದ ಮಾತು ಪಕ್ಕದಲ್ಲೇ ಆಡಿದಂತೆ ಕೇಳುತ್ತದೆ. ದೂರದಲ್ಲಿರುವವರು ಹತ್ತಿರವೇ ಇದ್ದಾರೆಂದು ಕಿವಿ ನಂಬುತ್ತದೆ. ಕಣ್ಣಿಗೂ ಇಂಥದೇ ನಂಬಿಕೆ ಹುಟ್ಟಿಸುವ ವಿದ್ಯೆಯೇ ವರ್ಚುವಲ್ ರಿಯಾಲಿಟಿ, ಅಂದರೆ ಮಿಥ್ಯಾ ವಾಸ್ತವ.

ಇದರ ಮೂಲ ಕಂಪ್ಯೂಟರಿಗಿಂತ ಬಹಳ ಹಳೆಯದು. ನಮ್ಮ ಎರಡು ಕಣ್ಣುಗಳು ಒಂದೇ ವಸ್ತುವನ್ನು ತುಸು ಬೇರೆ ಬೇರೆ ಕೋನಗಳಿಂದ ನೋಡುತ್ತವೆ. ಒಂದೊಂದು ಕಣ್ಣಿಗೆ ಅದಕ್ಕೆ ತಕ್ಕ ಚಿತ್ರ ತೋರಿಸಿದರೆ ಮಿದುಳು ಅವೆರಡನ್ನೂ ಕೂಡಿಸಿ ಆಳವನ್ನು ಕಾಣುತ್ತದೆ. 1838ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ ಇದನ್ನು ವಿವರಿಸಿ ‘ಸ್ಟೀರಿಯೊಸ್ಕೋಪ್’ ಎಂಬ ಉಪಕರಣವನ್ನು ತೋರಿಸಿದರು. ಅದಕ್ಕೆ ವಿದ್ಯುತ್ ಬೇಕಿರಲಿಲ್ಲ.

ನೋಡುವವರು ತಲೆ ತಿರುಗಿಸಿದಂತೆ ಚಿತ್ರವೂ ತಿರುಗಬೇಕೆಂದಾಗ ಕಂಪ್ಯೂಟರ್ ಬೇಕಾಯಿತು. 1968ರಲ್ಲಿ ಅಮೆರಿಕದ ಐವಾನ್ ಸದರ್ಲೆಂಡ್ ಅಂಥ ಸಾಧನ ರಚಿಸಿದರು. ಅದು ಎಷ್ಟು ಭಾರವಿತ್ತೆಂದರೆ ಚಾವಣಿಯಿಂದ ತೂಗುಹಾಕಬೇಕಿತ್ತು. ಟಿ.ವಿ.ಗೆ ಜೋಡಿಸಿ ಆಡುವ ಕನ್ಸೋಲ್‌ಗೆ ಇದನ್ನು ತರಲು ಜಪಾನಿನ ಸೆಗಾ ಕಂಪೆನಿ ಯತ್ನಿಸಿತು. 1993ರಲ್ಲಿ ಪ್ರದರ್ಶನಗೊಂಡ ಅದರ ಸಾಧನ ಮಾರುಕಟ್ಟೆಗೆ ಬರಲೇ ಇಲ್ಲ. 1995ರಲ್ಲಿ ನಿಂಟೆಂಡೊ ತಂದ ‘ವರ್ಚುವಲ್ ಬಾಯ್’ ಕೆಂಪು ಮತ್ತು ಕಪ್ಪು ಬಣ್ಣಗಳನ್ನಷ್ಟೇ ತೋರಿಸುತ್ತಿತ್ತು. ವರ್ಷದೊಳಗೆ ಅದೂ ಕಣ್ಮರೆಯಾಯಿತು.

ಸೋತದ್ದು ಕಲ್ಪನೆಯಲ್ಲ, ಯಂತ್ರ. ಕತ್ತು ತಿರುಗಿಸಿದಾಗ ಚಿತ್ರ ತಡವಾಗಿ ಬದಲಾದರೆ ಕಣ್ಣು ಹೇಳುವುದೊಂದು, ಒಳಗಿವಿಯ ಸಮತೋಲನದ ಅಂಗ ಹೇಳುವುದು ಇನ್ನೊಂದು. ಆಗ ತಲೆ ಸುತ್ತಿ ವಾಕರಿಕೆ ಬರುತ್ತದೆ. ಇದನ್ನು ತಪ್ಪಿಸಲು ಯಂತ್ರ ವೇಗವಾಗಿ ಲೆಕ್ಕ ಹಾಕುತ್ತಲೇ ಇರಬೇಕು. 2016ರ ಅಕ್ಟೋಬರಿನಲ್ಲಿ ಸೋನಿ ಕಂಪೆನಿ ‘ಪ್ಲೇಸ್ಟೇಷನ್ ವಿಆರ್’ ಎಂಬ ಹೆಡ್‌ಸೆಟ್ ತಂದಿತು. ಮರುತಿಂಗಳೇ ಹೆಚ್ಚು ಶಕ್ತಿಯ ಕನ್ಸೋಲ್ ಬಂತು. 2023ರ ಎರಡನೆಯ ಹೆಡ್‌ಸೆಟ್ ಒಂದೊಂದು ಕಣ್ಣಿಗೂ ಮೊದಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಚಿತ್ರಬಿಂದುಗಳನ್ನು ತೋರಿಸುತ್ತದೆ. ಅದನ್ನು ಕನ್ಸೋಲ್‌ನಲ್ಲಿ ಬಳಸಲು 2020ರಲ್ಲಿ ಬಂದ ‘ಪ್ಲೇಸ್ಟೇಷನ್ 5’ ಬೇಕು.

ಈ ಪ್ರಗತಿಗೆ ಇನ್ನೊಂದು ಮುಖವೂ ಇದೆ. ಮೊದಲ ಹೆಡ್‌ಸೆಟ್‌ಗಾಗಿ ಮಾಡಿದ ಆಟಗಳು ಎರಡನೆಯದರಲ್ಲಿ ನಡೆಯುವುದಿಲ್ಲ. ತಯಾರಕರು ಮತ್ತೆ ಹೊಂದಿಸಿ ಕೊಟ್ಟರಷ್ಟೇ ಉಂಟು. 2020ರ ಹೊತ್ತಿಗೆ 50 ಲಕ್ಷಕ್ಕೂ ಹೆಚ್ಚು ಮಾರಾಟವಾಗಿದ್ದ ಸಾಧನದ ಗತಿ ಇದು. ಹಳೆಯ ಯಂತ್ರ ಕೆಟ್ಟರೆ, ಕೂಡಿಟ್ಟ ಹಣದಲ್ಲಿ ಕೊಂಡ ಆಟವೂ ಅದರೊಡನೆ ಹೋದಂತೆಯೇ.

ಆಟ ಹೋದರೆ ಹೋಗಲಿ ಎನ್ನಬಹುದು. ಆದರೆ ಸ್ಮಾರಕಗಳನ್ನೂ ಇದೇ ತಂತ್ರದಲ್ಲಿ ತೋರಿಸುವ ಕಾಲವಿದು. ಬಿಜಾಪುರದ ಕಟ್ಟಡಗಳ ಛಾಯಾಚಿತ್ರಗಳುಳ್ಳ, ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಬರೆದ ಗ್ರಂಥ 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದನ್ನು ಇಂದೂ ಬಿಡಿಸಿ ನೋಡಲು ಬರಿಗಣ್ಣು ಸಾಕು. 2016ರ ಆಟಕ್ಕೆ ಹತ್ತು ವರ್ಷವೂ ಆ ಭಾಗ್ಯವಿಲ್ಲ. ಆದ್ದರಿಂದ ನಮ್ಮ ಗುಡಿ ಗುಮ್ಮಟಗಳನ್ನು ಹೆಡ್‌ಸೆಟ್‌ಗೆ ಏರಿಸುವವರು ಅವುಗಳ ಅಳತೆ, ಚಿತ್ರ, ಧ್ವನಿಗಳನ್ನು ಯಾವ ಯಂತ್ರದಲ್ಲಾದರೂ ತೆರೆಯಬಹುದಾದ ರೂಪದಲ್ಲಿ ಬೇರೆಯಾಗಿ ಕಾದಿಡಬೇಕು. ಒಂದೇ ಕಂಪೆನಿಯ ಪೆಟ್ಟಿಗೆಯನ್ನು ನಂಬಿ ಇಟ್ಟ ಚರಿತ್ರೆಗೆ ಆ ಪೆಟ್ಟಿಗೆಯಷ್ಟೇ ಆಯುಸ್ಸು.