ಗಂಗೆಯ ದಡದಲ್ಲಿ ಉತ್ತರದ ಅತಿಥಿಗಳು

ಕಾಶಿಗೆ ಹೋಗಿ ಬಂದವರನ್ನು ನಾವು ಕೇಳುವುದು ವಿಶ್ವನಾಥನ ದರ್ಶನ ಚೆನ್ನಾಗಿ ಆಯಿತೆ, ಅಲ್ಲಿ ಏನು ಬಿಟ್ಟು ಬಂದಿರಿ ಎಂದು. ಗಂಗೆಯ ಮೇಲೆ ಯಾವ ಹಕ್ಕಿ ಕಂಡಿರಿ ಎಂದು ಯಾರೂ ಕೇಳಿದ್ದಿಲ್ಲ. ಮಾಗಿಯ ಚಳಿಯಲ್ಲಿ ನಾವು ಹತ್ತಾರು ಮಂದಿ ಅಲ್ಲಿಗೆ ಹೋದಾಗ, ಹರಿಶ್ಚಂದ್ರ ಘಾಟಿನ ಸಮೀಪ ಮೈಸೂರು ಸಂಸ್ಥಾನದವರು ಕಟ್ಟಿಸಿದ ಕರ್ನಾಟಕ ಘಾಟಿನಿಂದ ದೋಣಿ ಹತ್ತಿದೆವು. ನಡುನೀರಿಗೆ ಬರುವಷ್ಟರಲ್ಲಿ ನೂರಾರು ಬಿಳಿಯ ಹಕ್ಕಿಗಳು ನಮ್ಮನ್ನು ಮುತ್ತಿಕೊಂಡವು. "ಸೈಬೀರಿಯಾದವು, ಬಾಬೂಜಿ" ಎಂದ ದೋಣಿಯವನು, ಸೇವಿನ ಪೊಟ್ಟಣ ಮುಂದೆ ಚಾಚುತ್ತ.

ಇವು ಕಡಲಹಕ್ಕಿಗಳು. ಎರಡು ಜಾತಿ ಮುಖ್ಯ: ಕರಿತಲೆಯದು, ಕಂದುತಲೆಯದು. ಚಳಿಗಾಲದಲ್ಲಿ ಆ ತಲೆಯ ಬಣ್ಣ ಕಳಚಿಹೋಗಿ ಕಿವಿಯ ಬಳಿ ಒಂದು ಮಚ್ಚೆ ಮಾತ್ರ ಉಳಿಯುವುದರಿಂದ ಹೆಸರು ಕೇಳಿ ಹುಡುಕಿದವರು ಮೋಸಹೋಗುತ್ತಾರೆ. ದೋಣಿಯವನ ಮಾತು ಅರ್ಧ ನಿಜ. ಕರಿತಲೆಯದು ಸೈಬೀರಿಯವೂ ಸೇರಿದಂತೆ ಉತ್ತರದ ನಾಡುಗಳಲ್ಲಿ ಮರಿಮಾಡುತ್ತದೆ; ಕಂದುತಲೆಯದರ ತವರು ಲಡಾಖ್, ಟಿಬೆಟ್ಟುಗಳ ಎತ್ತರದ ಸರೋವರಗಳು.

ಇನ್ನೂ ದೂರದವನು ಬೇರೆಯೇ ಇದ್ದಾನೆ. ಲಿಟಲ್ ಸ್ಟಿಂಟ್ ಎಂಬ, ಗುಬ್ಬಚ್ಚಿಯಷ್ಟೇ ಗಾತ್ರದ ಹಕ್ಕಿ ನಮ್ಮ ಹೊಳೆಗಳ ಮರಳದಂಡೆಗಳಿಗೂ ಕೆರೆಗಳ ಕೆಸರಿಗೂ ಚಳಿಗಾಲದಲ್ಲಿ ಬರುತ್ತದೆ. ಅದು ಮೊಟ್ಟೆಯಿಡುವುದು ನೊವಾಯ ಜೆಮ್ಲ್ಯದಂಥ ಆರ್ಕ್‌ಟಿಕ್ ದ್ವೀಪಗಳಲ್ಲಿ, ಸೈಬೀರಿಯದ ಮರವಿಲ್ಲದ ಬಯಲಿನಲ್ಲಿ. ಬೇಸಿಗೆಯಲ್ಲಿ ಸೂರ್ಯ ಮುಳುಗದ ಆ ನಾಡಿನಲ್ಲಿ ಕೆಲವೇ ವಾರ ಸೊಳ್ಳೆ, ಹುಳುಗಳ ಸುಗ್ಗಿ. ಅಷ್ಟರೊಳಗೆ ಮರಿ ಬಲಿತು ಹೊರಡಬೇಕು. ಯಾರೂ ಸೇವು ಹಾಕದ ಈ ಹಕ್ಕಿಯನ್ನು ದೋಣಿಯಿಂದ ಗುರುತಿಸುವುದು ಕಷ್ಟ, ನಮಗೂ ಕಾಣಲಿಲ್ಲ.

ಇವು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂಬುದು ನಮ್ಮ ದೇಶದಲ್ಲಿ ಬಹುಕಾಲ ಊಹೆಯ ಮಾತಾಗಿತ್ತು. 1959ರಲ್ಲಿ ಸಲೀಂ ಅಲಿಯವರ ಮುಂದಾಳುತನದಲ್ಲಿ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಹಕ್ಕಿಗಳ ಕಾಲಿಗೆ ಅಂಕಿಯ ಬಳೆ ತೊಡಿಸಿ ಬಿಡುವ ಕೆಲಸವನ್ನು ದೊಡ್ಡದಾಗಿ ಕೈಗೊಂಡರು. ಹಾಗೆ ಬಳೆ ತೊಟ್ಟ ಕೆಲವು ಸೈಬೀರಿಯದಲ್ಲಿ ಸಿಕ್ಕಿದವು. ಆದರೆ ಸೈಬೀರಿಯದ್ದೇ ಹೆಸರು ಹೊತ್ತ ಬಿಳಿ ಕೊಕ್ಕರೆಯ ಕತೆ ನೋಡಿ: ಭರತಪುರಕ್ಕೆ ಬರುತ್ತಿದ್ದ ಅದು 2002ರ ಬಳಿಕ ಅಲ್ಲಿಗೆ ಬಂದಿಲ್ಲ.

ಕಾಶಿಯ ನೀರಿಗೂ ಇಂಥದೇ ಒಂದು ಇತಿಹಾಸವುಂಟು. 1986ರಲ್ಲಿ ಗಂಗಾ ಶುದ್ಧೀಕರಣ ಯೋಜನೆ ಇಲ್ಲಿಯೇ ಆರಂಭವಾಯಿತು. ಅದರ ಅಂಗವಾಗಿ ಚಂಬಲ್ ಹೊಳೆಯ ದಡದಿಂದ ಆಮೆಯ ಮೊಟ್ಟೆ ತಂದು, ಸಾರನಾಥದಲ್ಲಿ ಮರಿ ಬೆಳೆಸಿ, ಗಂಗೆಗೆ ಬಿಟ್ಟರು. ಅರೆಬೆಂದ ಹೆಣಗಳನ್ನು ಅವು ತಿಂದು ನದಿಯನ್ನು ಶುಚಿಮಾಡಲಿ ಎಂಬುದು ಲೆಕ್ಕ. 1989ರಲ್ಲಿ ರಾಮನಗರದ ಕೋಟೆಯಿಂದ ಮಾಳವೀಯ ಸೇತುವೆಯವರೆಗಿನ 7 ಕಿ.ಮೀ. ಹರಿವು ಆಮೆಗಳ ಅಭಯಧಾಮವಾಯಿತು. ಎಲ್ಲ ಪ್ರಸಿದ್ಧ ಘಾಟುಗಳೂ, ನಮ್ಮ ಕರ್ನಾಟಕ ಘಾಟೂ ಅದರೊಳಗೇ. ಸಂಸಾರದ ಜಂಜಾಟ ಕಳೆದುಕೊಳ್ಳಲು ಬಂದ ಯಾತ್ರಿಕರು ತಾವು ಅಭಯಾರಣ್ಯದಲ್ಲಿ ಮುಳುಗು ಹಾಕುತ್ತಿದ್ದೇವೆಂದು ತಿಳಿದಿದ್ದರೋ ಇಲ್ಲವೋ!

ಮರಳು ತೆಗೆಯುವುದು ನಿಂತಿತು. ಎದುರು ದಡದಲ್ಲಿ ಮರಳು ಬೆಳೆದು ಘಾಟುಗಳ ಬುಡ ಕೊರೆಯುತ್ತದೆ ಎಂಬ ದೂರು ಬಂತು. ಜೊತೆಗೆ ಹಲ್ದಿಯಾದಿಂದ ಪ್ರಯಾಗದವರೆಗಿನ ಜಲಮಾರ್ಗಕ್ಕೆ ಈ ಅಭಯಧಾಮ ಅಡ್ಡವಾಗಿತ್ತು. ರಾಮನಗರದ ಹಡಗುಕಟ್ಟೆ 2018ರಲ್ಲಿ ಉದ್ಘಾಟನೆಯಾಯಿತು. 2020ರಲ್ಲಿ ಅಭಯಧಾಮದ ಪಟ್ಟ ಹೋಯಿತು. ಪ್ರಯಾಗ, ಮಿರ್ಜಾಪುರ, ಭದೋಹಿಗಳ ನಡುವಿನ 30 ಕಿ.ಮೀ. ಹರಿವಿಗೆ ಆ ಹೆಸರನ್ನು ವರ್ಗಾಯಿಸಿದರು. ಹೆಸರು ಹೋಗಿ ಸೇರಿತು. ಹರಿಶ್ಚಂದ್ರ ಘಾಟಿನಡಿ ಬಿಟ್ಟ ಆಮೆಗಳಿಗೆ ಆ ಆಜ್ಞೆಯನ್ನು ಓದಿ ಹೇಳುವವರು ಯಾರು?

ನದಿಗೆ ಆಮೆ ಬೇಕಾದದ್ದು ಜಾಡಮಾಲಿಯಾಗಿ, ಹಕ್ಕಿ ಬೇಕಾದದ್ದು ಭಾವಚಿತ್ರಕ್ಕೆ; ಹೀಗೆಂದರೆ ನಮ್ಮ ಮಾತು ಕಟುವಾಯಿತೇನೋ. ಆದರೂ ಮೀನು ಹಿಡಿದು ತಿನ್ನಬಲ್ಲ ಹಕ್ಕಿಗೆ ಎಣ್ಣೆಯಲ್ಲಿ ಕರಿದ ಸೇವು ಏಕೆ? ನಮ್ಮ ಪೈಕಿ ಒಬ್ಬರು ಆಗಲೇ ಎರಡು ಪೊಟ್ಟಣಕ್ಕೆ ಹಣ ಕೊಟ್ಟಾಗಿತ್ತು. ಹಕ್ಕಿಗೆ ಹಾಕುವುದು ಬೇಡವೆಂದು ನಾವು ತಡೆದಾಗ ಅವರಿಗೆ ಸ್ವಲ್ಪ ಬೇಸರವಾಯಿತು. ಕಡೆಗೆ ಮಣಿಕರ್ಣಿಕೆ ದಾಟುವಷ್ಟರಲ್ಲಿ ದೋಣಿಯವನೂ ನಾವೂ ಹಂಚಿಕೊಂಡು ತಿಂದು ಮುಗಿಸಿದೆವು.