ಕ್ಷಯರೋಗ ನಿವಾರಣೆಯಲ್ಲಿ ಬೆಂಗಳೂರಿನ ಸಂಸ್ಥೆಯ ಪಾತ್ರ

ಬೆಂಗಳೂರಿನಿಂದ ಹೆಬ್ಬಾಳ, ಯಲಹಂಕಗಳ ಕಡೆಗೆ ಹೋಗುವ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಿರುವುದು. ಭಾರತ ಸರ್ಕಾರವು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯೂನಿಸೆಫ್‌ಗಳ ನೆರವಿನಿಂದ ಇದನ್ನು 1959ರಲ್ಲಿ ಸ್ಥಾಪಿಸಿತು. ನಾಡಿನ ಬಡಜನರ ಯೋಗಕ್ಷೇಮಕ್ಕೆ ಇದರಿಂದಾದ ಉಪಕಾರವು ಸ್ಮರಣೀಯವಾದುದು.

ಆಯುರ್ವೇದವು ರಾಜಯಕ್ಷ್ಮವೆಂದು ಕರೆದ ಈ ವ್ಯಾಧಿಯು ಅರಮನೆಯನ್ನೂ ಬಿಟ್ಟುದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಮೈಸೂರಿನಲ್ಲಿ 1921ರಲ್ಲಿ ಕ್ಷಯರೋಗಿಗಳ ಆರೋಗ್ಯಧಾಮವು ಆರಂಭವಾಯಿತು. ವಿಶ್ರಾಂತಿ, ಶುದ್ಧವಾಯು, ಪುಷ್ಟಿಕರವಾದ ಆಹಾರ, ಇವೇ ಅಂದಿನ ಮುಖ್ಯ ಚಿಕಿತ್ಸೆಗಳು. ಆದರೆ ದಿನದ ದುಡಿಮೆಯಿಂದಲೇ ಸಂಸಾರವನ್ನು ಸಾಕುವ ಒಕ್ಕಲಿಗನು ತಿಂಗಳುಗಟ್ಟಲೆ ಮನೆಮಠಗಳನ್ನು ಬಿಟ್ಟು ಮಲಗಿರುವುದು ಹೇಗೆ? ಸ್ಟ್ರೆಪ್ಟೋಮೈಸಿನ್, ಐಸೋನಿಯಜಿಡ್ ಮೊದಲಾದ ಔಷಧಗಳು ಬಂದ ತರುವಾಯ, ಮನೆಯಲ್ಲಿದ್ದೇ ಔಷಧ ಸೇವಿಸಿದವರೂ ಆರೋಗ್ಯಧಾಮದಲ್ಲಿದ್ದವರಷ್ಟೇ ಗುಣಹೊಂದುವರೆಂಬುದು ಮದರಾಸಿನಲ್ಲಿ 1956ರಲ್ಲಿ ಆರಂಭವಾದ ಪರೀಕ್ಷೆಯಿಂದ ಸಿದ್ಧವಾಯಿತು.

ಇನ್ನುಳಿದುದು, ಆ ಔಷಧವು ಹಳ್ಳಿಗೆ ಮುಟ್ಟುವ ಬಗೆ. ಹಳ್ಳಿಗರು ಅಜ್ಞರು, ತಾವಾಗಿ ಆಸ್ಪತ್ರೆಗೆ ಬಾರರು ಎಂಬ ಭಾವನೆಯು ಹಲವರಲ್ಲಿ ಬೇರೂರಿದ್ದಿತು. ಸಂಸ್ಥೆಯ ವಿದ್ವಾಂಸರಾದ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ತುಮಕೂರು ಜಿಲ್ಲೆಯಲ್ಲಿ ರೋಗಿಗಳನ್ನೇ ವಿಚಾರಿಸಿ, ಅದರ ಫಲವನ್ನು 1963ರಲ್ಲಿ ಪ್ರಕಟಿಸಿದರು. ಬಹುಮಂದಿಗೆ ತಮ್ಮ ದೇಹದಲ್ಲಿನ ಲಕ್ಷಣಗಳ ಅರಿವಿದ್ದಿತು. ಅರ್ಧದಷ್ಟು ಮಂದಿ ಚಿಕಿತ್ಸೆಯನ್ನೂ ಅರಸಿಹೋಗಿದ್ದರು. ಹೋದವರಲ್ಲಿ ಅನೇಕರ ರೋಗವನ್ನು ಅಲ್ಲಿ ಗುರುತಿಸದೆ, ಕೆಮ್ಮಿನ ಔಷಧವನ್ನು ಕೊಟ್ಟು ಹಿಂದಕ್ಕೆ ಕಳುಹಿದ್ದರು. ನ್ಯೂನತೆಯು ಹಳ್ಳಿಗನ ಬುದ್ಧಿಯಲ್ಲಿರಲಿಲ್ಲ; ಅವನನ್ನು ಬರಮಾಡಿಕೊಂಡ ವ್ಯವಸ್ಥೆಯಲ್ಲಿದ್ದಿತು.

ಈ ತಿಳಿವಳಿಕೆಯು 1962ರ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮಕ್ಕೆ ಆಧಾರಗಳಲ್ಲೊಂದಾಯಿತು. ಕ್ಷಯಕ್ಕೆಂದೇ ದೂರದಲ್ಲಿ ಭವನಗಳನ್ನು ಕಟ್ಟುವ ಬದಲು, ಕೆಮ್ಮಿನಿಂದ ಬಳಲಿ ಬಂದವರ ಕಫವನ್ನು ಸಮೀಪದ ಸಾಮಾನ್ಯ ಆಸ್ಪತ್ರೆಯಲ್ಲಿಯೇ ಸೂಕ್ಷ್ಮದರ್ಶಕದಿಂದ ಪರೀಕ್ಷಿಸುವುದು, ಔಷಧವನ್ನು ಉಚಿತವಾಗಿ ಕೊಟ್ಟು ಮನೆಯಲ್ಲಿ ಸೇವಿಸುವಂತೆ ಮಾಡುವುದು, ಇದೇ ಅದರ ಕ್ರಮವು.

ಆ ಕಾರ್ಯದ ಅಗತ್ಯವೆಷ್ಟೆಂಬುದು ಇದೇ ಸಂಸ್ಥೆಯ ಮತ್ತೊಂದು ಅಧ್ಯಯನದಿಂದ ವ್ಯಕ್ತವಾಗುವುದು. 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಗ್ರಾಮಗಳನ್ನು ಪರಿಶೀಲಿಸಿದಾಗ, ಕ್ರಮಬದ್ಧ ಚಿಕಿತ್ಸೆಯ ಏರ್ಪಾಡಿಲ್ಲದ ಕಡೆ ಕಫದಲ್ಲಿ ಕ್ರಿಮಿಗಳಿದ್ದ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಐದು ವರ್ಷಗಳೊಳಗೆ ಮೃತಪಟ್ಟಿದ್ದರು.

ಉದ್ದೇಶವು ಉತ್ತಮವಾಗಿದ್ದರೂ ಸಿದ್ಧಿಯು ಸುಲಭವಾಗಲಿಲ್ಲ. ಔಷಧದ ಕೊರತೆಯಿಂದಲೂ, ತುಸು ಗುಣಕಂಡೊಡನೆ ರೋಗಿಗಳು ಚಿಕಿತ್ಸೆಯನ್ನು ನಿಲ್ಲಿಸಿದುದರಿಂದಲೂ ಅನೇಕ ವರ್ಷಗಳ ಶ್ರಮವು ಅಪೂರ್ಣವಾಯಿತು. ಆದುದರಿಂದ 1997ರಲ್ಲಿ ಪರಿಷ್ಕೃತ ಕಾರ್ಯಕ್ರಮವು ಆರಂಭವಾಗಿ, ಆರೋಗ್ಯಕಾರ್ಯಕರ್ತರ ಎದುರಿನಲ್ಲಿ ಔಷಧ ಸೇವಿಸುವ ಪದ್ಧತಿಯು ಬಂದಿತು. ಹಸಿದ ದೇಹಕ್ಕೆ ಔಷಧವೊಂದೇ ಸಾಲದೆಂಬುದನ್ನು ಮನಗಂಡು, ರೋಗಿಯ ಆಹಾರಕ್ಕಾಗಿ ತಿಂಗಳಿಗೆ 500 ರೂಪಾಯಿ ಕೊಡುವ ಯೋಜನೆಯು 2018ರಲ್ಲಿ ಜಾರಿಗೆ ಬಂದು, 2024ರಲ್ಲಿ ಆ ಮೊತ್ತವು 1000 ರೂಪಾಯಿಗೆ ಏರಿತು.

ರೋಗಿಯು ಬಾಗಿಲಿಗೆ ಬಂದಾಗ ಅವನ ಮಾತನ್ನು ಸಾವಧಾನದಿಂದ ಕೇಳುವುದೇ ಆರೋಗ್ಯಸೇವೆಯ ಮೊದಲ ಮೆಟ್ಟಿಲು. ತುಮಕೂರು ಸೀಮೆಯ ಬಡರೋಗಿಗಳಿಂದ ಸಂಸ್ಥೆಯು ಕಲಿತ ಈ ಪಾಠವು ಭಾರತದೇಶಕ್ಕೆಲ್ಲ ಉಪಯುಕ್ತವಾಯಿತು. ಜನಸೇವೆಯಲ್ಲಿ ತೊಡಗಿದ ಸಕಲರೂ ಇದನ್ನು ಮನನಮಾಡತಕ್ಕುದು.